ಗೊರಕೆ ನಿಂತಾಗ ಕಿವಿಗೊಡಿ

"ಅಬ್ಬ ಗೊರಕೆ ಹೊಡೆಯುತ್ತಿದ್ದಾರೆ, ಒಳ್ಳೆಯ ನಿದ್ದೆ" ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಹೃದಯ ವೈಫಲ್ಯವಿರುವವರ ಮನೆಯಲ್ಲಿ ಈ ಸಮಾಧಾನ ಸಲ್ಲದು. ನಿದ್ದೆಯಲ್ಲಿ ಹತ್ತು ಸೆಕೆಂಡ್ ಅಥವಾ ಹೆಚ್ಚು ಹೊತ್ತು ಉಸಿರು ನಿಂತು, ಮತ್ತೆ ಏದುಸಿರಿನೊಂದಿಗೆ ಶುರುವಾಗುವುದು ಪದೇ ಪದೇ ನಡೆದರೆ ಅದು ಸ್ಲೀಪ್ ಆಪ್ನಿಯಾ ಆಗಿರಬಹುದು. ಹೃದಯ ವೈಫಲ್ಯದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ನಿದ್ದೆಯಲ್ಲಿ ಉಸಿರಾಟದ ತೊಂದರೆ ಇರುತ್ತದೆ.

ಇದರಲ್ಲಿ ಎರಡು ಬಗೆ. ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ಕಟ್ಟುವುದು ಒಂದು. ಹಗಲಿಡೀ ಕಾಲಿನಲ್ಲಿ ತುಂಬಿದ್ದ ನೀರು ಮಲಗಿದಾಗ ಕುತ್ತಿಗೆಯ ಕಡೆಗೆ ಸರಿದು ಇದನ್ನು ಹೆಚ್ಚಿಸುತ್ತದೆ. ಇನ್ನೊಂದರಲ್ಲಿ ದಾರಿ ತೆರೆದೇ ಇರುತ್ತದೆ, ಉಸಿರಾಡು ಎಂಬ ಅಪ್ಪಣೆ ಮೆದುಳಿನಿಂದ ಬರುವುದಿಲ್ಲ. ಉಸಿರು ಅಲೆಯಂತೆ ಏರಿ, ಇಳಿದು, ನಿಂತುಬಿಡುತ್ತದೆ. ಡಬ್ಲಿನ್‌ನ ವೈದ್ಯ ಜಾನ್ ಚೇನ್ 1818ರಲ್ಲೇ ಇದನ್ನು ದಾಖಲಿಸಿದ್ದರು. ಇದರಲ್ಲಿ ಗೊರಕೆಯೇ ಇಲ್ಲದಿರಬಹುದು. ಪ್ರತಿ ಸಲ ಉಸಿರು ನಿಂತಾಗಲೂ ರಕ್ತದ ಆಮ್ಲಜನಕ ಕುಸಿಯುತ್ತದೆ, ದಣಿದ ಹೃದಯಕ್ಕೆ ರಾತ್ರಿಯೂ ವಿಶ್ರಾಂತಿ ಇಲ್ಲ.

ರೋಗಿಗೆ ಇದಾವುದೂ ಗೊತ್ತಾಗದು. ಹೃದಯ ವೈಫಲ್ಯದ ಅನೇಕರಿಗೆ ಹಗಲಿನ ತೂಕಡಿಕೆ ಕೂಡ ಇರುವುದಿಲ್ಲ. ಗೊತ್ತಿರುವುದು ಪಕ್ಕದಲ್ಲಿ ಮಲಗುವವರಿಗೆ. ನನ್ನ ತಕರಾರು ಇಲ್ಲಿಯೇ. ಅಬ್ಬನನ್ನು ವೈದ್ಯರ ಬಳಿಗೆ ಮಗ ಕರೆದೊಯ್ಯುತ್ತಾನೆ, ಎಲ್ಲವನ್ನೂ ಕಣ್ಣಾರೆ ಕಂಡ ಅಮ್ಮ ಮನೆಯಲ್ಲಿ ಉಳಿಯುತ್ತಾರೆ. ಬಂದರೂ ಹೊರಗಿನ ಬೆಂಚಿನಲ್ಲಿ! ಇನ್ನು ಅಮ್ಮನೇ ರೋಗಿಯಾದರೆ, ಹೆಂಗಸು ಗೊರಕೆ ಹೊಡೆಯುತ್ತಾಳೆಂದು ಹೇಳುವುದೇ ನಾಚಿಕೆ. ಈ ನಾಚಿಕೆಯ ಬೆಲೆಯನ್ನು ತೆರುವುದು ಅವರ ಹೃದಯ.

ಹಾಗೆಂದು ನೀವೇ ಉಸಿರಾಟದ ಯಂತ್ರ ಕೊಂಡು ತರಬೇಡಿ. ಹೃದಯದ ಪಂಪಿಂಗ್ ಶಕ್ತಿ ಶೇ. 45 ಅಥವಾ ಕಡಿಮೆ ಇದ್ದು, ಮುಖ್ಯವಾಗಿ ಎರಡನೇ ಬಗೆಯ ತೊಂದರೆ ಇದ್ದವರಿಗೆ ಎಎಸ್‌ವಿ ಎಂಬ ಯಂತ್ರ ಕೊಟ್ಟಾಗ ಹೃದಯ ಸಂಬಂಧಿ ಸಾವು ಹೆಚ್ಚಿತೆಂದು 2015ರಲ್ಲಿ ಪ್ರಕಟವಾದ ಸರ್ವ್-ಎಚ್‌ಎಫ್ ಅಧ್ಯಯನ ತೋರಿಸಿತು. ಯಾವ ಬಗೆ ಎಂಬುದು ನಿದ್ರಾ ಪರೀಕ್ಷೆಯಿಂದಲೇ ತಿಳಿಯಬೇಕು. ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆಯನ್ನೂ ಕೊಡಬೇಡಿ.

ಇಂದು ರಾತ್ರಿ ಎಚ್ಚರವಾದಾಗ ಎರಡು ನಿಮಿಷ ಅವರ ಉಸಿರನ್ನು ಗಮನಿಸಿ, ನಿಂತರೆ ಮೊಬೈಲಿನಲ್ಲಿ ವೀಡಿಯೊ ಮಾಡಿಕೊಳ್ಳಿ. ಮುಂದಿನ ಸಲ ವೈದ್ಯರ ಕೋಣೆಯೊಳಕ್ಕೆ ಅಮ್ಮನನ್ನೂ ಕರೆದೊಯ್ಯಿರಿ.