ನಟಿಯೂ ನಾವೂ

ಚಿತ್ರದುರ್ಗದ ಕೋಟೆಯನ್ನು ನೋಡಬಂದವರನ್ನು ಓಬವ್ವನ ಕಿಂಡಿಯ ಬಳಿ ನಿಲ್ಲಿಸಿ, "ಓಬವ್ವ ನೋಡಲು ಹೇಗಿದ್ದಿರಬಹುದು?" ಎಂದು ಕೇಳಿದರೆ, ಅವರಲ್ಲಿ ಬಹುಪಾಲು ಜನ ವರ್ಣಿಸುವುದು ನಟಿ ಜಯಂತಿಯವರ ಮುಖವನ್ನೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳಿಂದ 'ನಾಗರಹಾವು' ಚಿತ್ರವನ್ನು ತೆಗೆದಾಗ, ಒಂದು ಹಾಡಿನಷ್ಟು ಹೊತ್ತು ಒನಕೆ ಹಿಡಿದು ನಿಂತ ಆ ನಟಿ, ಯಾರೂ ಚಿತ್ರ ಬರೆದಿಡದ ಹೆಣ್ಣೊಬ್ಬಳಿಗೆ ಮುಖ ಕೊಟ್ಟರು. ನಮ್ಮೂರು ಆ ಮುಖವನ್ನು ತನ್ನದಾಗಿ ಮಾಡಿಕೊಂಡಿತು. ಇಂಥ ಊರಿನಲ್ಲಿ ಹುಡುಗಿಯೊಬ್ಬಳು ಕಾಲೇಜಿನ ನಾಟಕಕ್ಕೆ ಹೆಸರು ಕೊಟ್ಟರೆ ಮನೆಯವರ ಮುಖ ಬಾಡುವುದೇಕೆ ಎಂಬುದು ನನ್ನ ಪ್ರಶ್ನೆ.

ಕಳೆದ ವರ್ಷ ನಮ್ಮ ಕಾಲೇಜು ದಿನಾಚರಣೆಗೆಂದು ಒಂದು ಏಕಾಂಕವನ್ನು ಆರಿಸಿದ್ದೆವು. ಆರು ಜನ ಹುಡುಗಿಯರು ಹೆಸರು ಕೊಟ್ಟರು. ಅವುಗಳಲ್ಲಿ ನನ್ನದೂ ಒಂದು. ವಾರ ಕಳೆಯುವುದರೊಳಗೆ ಐದು ಹೆಸರುಗಳಿಗೆ ಅಡ್ಡಗೆರೆ ಬಿದ್ದಿತು. ಹಿರಿಯೂರಿನ ಗೆಳತಿಯ ಅಣ್ಣ ಬಸ್ಸು ಹತ್ತಿ ಬಂದು, ವಿದ್ಯಾರ್ಥಿನಿಲಯದ ಬಾಗಿಲಲ್ಲೇ ನಿಂತು, ಓದುವುದಾದರೆ ಓದು, ಇಲ್ಲವಾದರೆ ಗಂಟು ಕಟ್ಟು ಎಂದು ಹೇಳಿಹೋದ. ಕೊನೆಗೆ ಮಗನ ದಾರಿ ಕಾಯುವ ಮುದುಕಿಯ ಪಾತ್ರವನ್ನು ದ್ವಿತೀಯ ವರ್ಷದ ಹುಡುಗನೊಬ್ಬ ಸೀರೆ ಸುತ್ತಿಕೊಂಡು ಮಾಡಿದ. ಆತನದೇನೂ ತಪ್ಪಿಲ್ಲ, ಮಾತುಗಳನ್ನು ಚೆನ್ನಾಗಿಯೇ ಕಲಿತಿದ್ದ. ಆದರೆ ಮುದುಕಿ ಮಗನ ಶವದ ಮುಂದೆ ಕುಸಿದಾಗ ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಅಳು ಬರಬೇಕಾದ ಜಾಗದಲ್ಲಿ ನಗು ಬಂದುದಕ್ಕೆ ನಕ್ಕವರೂ ಕಾರಣರಲ್ಲ. ಅಡ್ಡಗೆರೆ ಬಿದ್ದ ಹೆಸರುಗಳನ್ನು ನೆನೆದು ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಆಗಲೇ ನಾನು ಉಮಾಶ್ರೀಯವರ ವಿಷಯವನ್ನು ಗಂಭೀರವಾಗಿ ಯೋಚಿಸತೊಡಗಿದುದು. ನೆರೆಯ ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದ ಈಕೆ ಯಾವ ದೊಡ್ಡ ಮನೆತನದ ಆಸರೆಯೂ ಇಲ್ಲದೆ ಬಣ್ಣ ಹಚ್ಚಿದವರು. ಇಬ್ಬರು ಮಕ್ಕಳನ್ನು ಸಾಕುವ ಹೊಣೆ ಅವರ ಮೇಲೆಯೇ ಇತ್ತು. 1984ರ 'ಅನುಭವ' ಚಿತ್ರದಿಂದ ಜನ ಅವರನ್ನು ಗುರುತಿಸಿದರು. ಗುರುತಿಸಿದ್ದು ಒಳ್ಳೆಯದೇ ಆಯಿತೆ? ಹೇಳುವುದು ಕಷ್ಟ. ಮುಂದೆ ಹಲವಾರು ವರ್ಷ ಚಿತ್ರರಂಗ ಅವರಿಗೆ ಕೊಟ್ಟುದು ಬಹುಮಟ್ಟಿಗೆ ಬಜಾರಿಯ, ಎರಡರ್ಥದ ಮಾತಾಡುವ ಹೆಣ್ಣಿನ ಪಾತ್ರಗಳನ್ನು. ನಾವು ಚಿತ್ರಮಂದಿರದಲ್ಲಿ ಸಿಳ್ಳೆ ಹಾಕಿ ನಕ್ಕೆವು. ಹೊರಗೆ ಬಂದು "ಅಂಥವಳು" ಎಂದೆವು. ನಗಿಸಲು ಕೂಲಿ ಕೊಟ್ಟವರೂ ನಾವೇ, ನಗಿಸಿದ ತಪ್ಪಿಗೆ ದಂಡ ಹಾಕಿದವರೂ ನಾವೇ!

ಅದೇ ಹೆಣ್ಣು ರಂಗಭೂಮಿಯಲ್ಲಿ ಏನು ಮಾಡುತ್ತಿದ್ದರೆಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು? ಸಿ.ಜಿ.ಕೆ. ಅವರು ದೇವನೂರ ಮಹಾದೇವರ 'ಒಡಲಾಳ'ವನ್ನು ರಂಗಕ್ಕೆ ತಂದಾಗ ಸಾಕವ್ವನಾದವರು ಉಮಾಶ್ರೀ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಇಡೀ ಕೇರಿಯನ್ನು ಬಯ್ಯುವ, ಹಸಿದ ಮನೆಯ ಯಜಮಾನಿಕೆಯನ್ನು ಬಿಟ್ಟುಕೊಡದ ಮುದುಕಿ ಆಕೆ. ಚಿತ್ರರಂಗ ಬಜಾರಿಯ ಪಾತ್ರಕ್ಕೆ ಬಳಸಿದ ಅದೇ ಗಟ್ಟಿ ಕಂಠ, ಅದೇ ಹಳ್ಳಿಯ ಮಾತಿನ ವರಸೆ ಇಲ್ಲಿ ಹಸಿವಿನ ದನಿಯಾಯಿತು. ಆಗಿನ್ನೂ ಅವರು ಮುದುಕಿಯಲ್ಲ ಎಂಬುದನ್ನೂ ನೆನೆಯಬೇಕು. ಚಿತ್ರರಂಗ ನಟಿಯ ವಯಸ್ಸನ್ನೂ ಬಣ್ಣವನ್ನೂ ತೂಗಿ ಪಾತ್ರ ಕೊಡುತ್ತದೆ. ರಂಗಭೂಮಿ ಆಕೆಯ ಶಕ್ತಿಯನ್ನು ಕೇಳುತ್ತದೆ. ಇದು ಪೂರ್ತಿ ಸರಿಯಾದ ಮಾತಲ್ಲವೆಂದು ನಮ್ಮ ಗುರುಗಳು ತಿದ್ದಬಹುದು. ರಂಗದಲ್ಲೂ ತಾರತಮ್ಯವುಂಟು. ಆದರೂ ಸಾಕವ್ವನನ್ನು ಕೊಟ್ಟುದು ರಂಗವೇ ಅಲ್ಲವೆ?

ಚಿತ್ರರಂಗಕ್ಕೆ ಅವರ ಬೆಲೆ ತಿಳಿಯಲು ಗಿರೀಶ ಕಾಸರವಳ್ಳಿಯವರು ವೈದೇಹಿಯವರ ಕಥೆಯನ್ನು ಹಿಡಿದು 'ಗುಲಾಬಿ ಟಾಕೀಸ್' ಮಾಡಬೇಕಾಯಿತು. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಗಂಡನ ಪ್ರೀತಿ ಕಾಣದ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಅವಳ ಗುಡಿಸಲಿಗೆ ಉಡುಗೊರೆಯಾಗಿ ಬಣ್ಣದ ಟಿ.ವಿ. ಬರುತ್ತದೆ; ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಕಾರ್ಗಿಲ್ ಯುದ್ಧದ ಆ ದಿನಗಳಲ್ಲಿ ಊರಿನ ಮನಸ್ಸು ಒಡೆದು, ಮುಸಲ್ಮಾನಳಾದ ಗುಲಾಬಿ ಆ ಊರಿಗೇ ಬೇಡವಾಗುತ್ತಾಳೆ. ರಂಗಭೂಮಿಯ ನಟಿ, ಚಲಚ್ಚಿತ್ರವೊಂದರಲ್ಲಿ, ಟಿ.ವಿ. ಪೆಟ್ಟಿಗೆಯ ಮುಂದೆ ಕುಳಿತು ಬೆರಗಾಗುವುದನ್ನು ನೋಡಿದಾಗ ನನಗೆ ಮೂರು ಲೋಕಗಳೂ ಒಂದೇ ಮುಖದಲ್ಲಿ ಕಂಡಂತಾಯಿತು. 2007ನೆಯ ಸಾಲಿನ ಅತ್ಯುತ್ತಮ ನಟಿಯೆಂಬ ರಾಷ್ಟ್ರಪ್ರಶಸ್ತಿ ಅವರಿಗೆ ಈ ಪಾತ್ರಕ್ಕಾಗಿ ಬಂದಿತು. 2013ರಲ್ಲಿ ತೇರದಾಳದಿಂದ ಶಾಸಕಿಯಾಗಿ ಗೆದ್ದು ಸಚಿವೆಯೂ ಆದರು; ಆ ವಿಷಯ ಇಲ್ಲಿ ಬೇಡ.

ಇನ್ನು ಟಿ.ವಿ.ಯ ಮಾತು. 2021ರ ಡಿಸೆಂಬರಿನಲ್ಲಿ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿ ಆರಂಭವಾಯಿತು. ಮೂರು ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟ ಪುಟ್ಟಕ್ಕ ಊಟದ ಮೆಸ್ಸು ನಡೆಸಿ ಮಕ್ಕಳನ್ನು ಓದಿಸುತ್ತಾಳೆ. ಧಾರಾವಾಹಿಗಳೆಂದರೆ ಕಣ್ಣೀರಿನ ಕೊಳಾಯಿ ಎಂದು ನಮ್ಮ ತರಗತಿಯಲ್ಲಿ ಹಾಸ್ಯ ಮಾಡುತ್ತಾರೆ. ಒಂದು ದಿನದ ಕಥೆಯನ್ನು ಒಂದು ವಾರ ಎಳೆಯುತ್ತಾರೆಂಬುದು ನಿಜ, ನಾನೂ ಬೇಸತ್ತಿದ್ದೇನೆ. ಆದರೆ ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಅಕ್ಷರ ಬಾರದ ನಮ್ಮವ್ವ, ಎಮ್ಮೆಗೆ ಮೇವು ಹಾಕಿ, ಮುಸುರೆ ತೊಳೆದು, ಆ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಿದ್ದಳು. ಪುಟ್ಟಕ್ಕ ಅತ್ತರೆ ತಾನೂ ಅಳುತ್ತಿದ್ದಳು. ನಮ್ಮ ಮನೆತನದಲ್ಲಿ ಬಿ.ಎ. ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೆಣ್ಣು ಓದಬೇಕೆಂಬ ಮಾತನ್ನು ಅವ್ವ ಯಾವ ಭಾಷಣದಿಂದಲೂ ಕಲಿತವಳಲ್ಲ. ಪುಟ್ಟಕ್ಕ ಆ ಮಾತಿಗೆ ಒತ್ತಾಸೆಯಾದಳು.

ಅಂಥ ಅವ್ವನೇ ಕಳೆದ ವರ್ಷ ನನ್ನ ಹೆಸರಿಗೆ ಅಡ್ಡಗೆರೆ ಎಳೆಸಿದ್ದು. "ನಾಟಕ ಆಡೋ ಹೆಣ್ಣನ್ನ ಜನ ಏನಂತಾರೆ ಗೊತ್ತೇನೆ?" ಎಂದಳು. "ಹಂಗಾದ್ರೆ ಪುಟ್ಟಕ್ಕ?" ಎಂದೆ. ಅವ್ವ ನನ್ನ ಮುಖ ನೋಡಿ, "ಅವಳು ನಾಟಕದೋಳಲ್ಲ ಕಣೆ, ಅವಳು ಪುಟ್ಟಕ್ಕ" ಎಂದುಬಿಟ್ಟಳು. ಒಬ್ಬ ನಟಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೆ? ಇದಕ್ಕಿಂತ ದೊಡ್ಡ ಅನ್ಯಾಯವೂ ಉಂಟೆ?

ಹಾಗೆಂದು ನಮ್ಮ ಸೀಮೆಗೆ ರಂಗನಟಿಯರು ಹೊಸಬರೇನಲ್ಲ. ದಾವಣಗೆರೆ 1997ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು. ಆ ಊರಿನ ಚಿಂದೋಡಿ ಲೀಲಾ ಕೆ.ಬಿ.ಆರ್. ಡ್ರಾಮಾ ಕಂಪನಿಯ ಜೀವವಾಗಿದ್ದರು. ಅವರ 'ಹಳ್ಳಿ ಹುಡುಗಿ' ಸಾವಿರಾರು ಪ್ರಯೋಗ ಕಂಡ ನಾಟಕ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯನ್ನೇ ನೋಡಿ. ಮಠವೇ ಮುಂದಾಗಿ ನಿಂತು 1997ರಿಂದ 'ಶಿವಸಂಚಾರ' ನಡೆಸುತ್ತಿದೆ. 2008ರಲ್ಲಿ ರಂಗಪ್ರಯೋಗ ಶಾಲೆಯನ್ನೂ ತೆರೆಯಿತು. ಅಲ್ಲಿ ಕಲಿತ ಹೆಣ್ಣುಮಕ್ಕಳು ತಂಡದೊಡನೆ ಊರೂರು ತಿರುಗಿ ಅಭಿನಯಿಸುತ್ತಾರೆ. ಹೊಸದುರ್ಗದಿಂದ ಬಂದ ನನ್ನ ಕೊಠಡಿಯ ಗೆಳತಿ ನವೆಂಬರಿನ ನಾಟಕೋತ್ಸವಕ್ಕೆ ಚಿಕ್ಕಂದಿನಿಂದಲೂ ಹೋದವಳು. ಕಳೆದ ವರ್ಷ ಹೆಸರು ಹಿಂತೆಗೆಯದ ಒಬ್ಬಳೆಂದರೆ ಅವಳೇ. ಸ್ವಾಮಿಗಳ ಎದುರಿಗೆ ಆಡುವ ಆಟವನ್ನು ಕಾಲೇಜಿನಲ್ಲಿ ಆಡಿದರೆ ತಪ್ಪೇನು ಎಂದು ಅವಳ ಅಪ್ಪನೇ ಹೇಳಿದರಂತೆ. ನೋಡಿ ನೋಡಿ ರೂಢಿಯಾದ ಕಣ್ಣಿಗೆ ನಾಟಕದ ಹೆಣ್ಣು ವಿಚಿತ್ರವಾಗಿ ಕಾಣುವುದಿಲ್ಲ. ಹೊಳಲ್ಕೆರೆಯ ನಮ್ಮ ಹಳ್ಳಿಗೂ ಸಾಣೇಹಳ್ಳಿಗೂ ಬಹಳ ದೂರವಿಲ್ಲ. ಆದರೆ ಅವ್ವ ಒಂದು ದಿನವೂ ಅಲ್ಲಿ ನಾಟಕ ನೋಡಿದವಳಲ್ಲ.

ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಹುಡುಗಿಯರ ಹೆಸರು ಹಿಂದಕ್ಕೆ ಹೋದೊಡನೆ ಹುಡುಗನಿಗೆ ಸೀರೆ ಉಡಿಸಬೇಡಿ. ಒಂದು ಸಂಜೆ ಅಭ್ಯಾಸ ನಡೆಯುವ ಕೊಠಡಿಗೆ ತಂದೆತಾಯಿಗಳನ್ನು ಕರೆಸಿ, ಅಲ್ಲಿ ನಡೆಯುವುದೇನೆಂದು ಅವರು ಕಣ್ಣಾರೆ ನೋಡಲಿ. ಸಹಪಾಠಿ ಹುಡುಗರಿಗೆ ಹೇಳುವುದಿಷ್ಟೆ: ರಂಗದ ಮೇಲೆ ನಿಂತ ಹುಡುಗಿಗೆ ನೀವು ಹಾಕುವ ಸಿಳ್ಳೆ ಹಿರಿಯೂರಿನವರೆಗೂ ಕೇಳಿಸುತ್ತದೆ. ಉಮಾಶ್ರೀಯವರು ಅಂಥ ಸಿಳ್ಳೆಗಳನ್ನು ದಾಟಿ, ಅರವತ್ತು ಕಳೆದ ಮೇಲೆಯೂ 'ಶರ್ಮಿಷ್ಠೆ'ಯಾಗಿ ಒಬ್ಬರೇ ರಂಗದ ಮೇಲೆ ನಿಂತರು. ಎಲ್ಲರಿಗೂ ಅಷ್ಟು ಗಟ್ಟಿ ಎದೆ ಇರುವುದಿಲ್ಲ.

ಈ ವರ್ಷ ನಾನು ಮತ್ತೆ ಹೆಸರು ಕೊಟ್ಟಿದ್ದೇನೆ, ಮುದುಕಿಯ ಪಾತ್ರಕ್ಕೆ. ಅವ್ವನಿಗೆ ಮೊನ್ನೆ ಫೋನಿನಲ್ಲಿ ತಿಳಿಸಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಗಲಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ನಾಟಕ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆ ಮೇಲೆ ಹೊಳಲ್ಕೆರೆಗೆ ಬಸ್ಸು ಇರುತ್ತದೆಯೇ ಎಂದು ಮಾತ್ರ ಕೇಳಿದಳು.