ಮೂಟೆಗೊಂದು ಬೆಲೆ, ಪಾವಿಗೊಂದು ಬೆಲೆ

ಜರ್ಮನಿಯ ಮೆಟ್ರೊ ಸಂಸ್ಥೆ 2003ರಲ್ಲಿ ಬೆಂಗಳೂರಿನ ಯಶವಂತಪುರ ಮತ್ತು ಕನಕಪುರ ರಸ್ತೆಯಲ್ಲಿ ಭಾರತದ ತನ್ನ ಮೊದಲ ಸಗಟು ಮಳಿಗೆಗಳನ್ನು ತೆರೆದಾಗ ನಗರದ ವರ್ತಕರು ತೀವ್ರವಾಗಿ ವಿರೋಧಿಸಿದ್ದರು. ಸಗಟಿನ ಹೆಸರಿನಲ್ಲಿ ಚಿಲ್ಲರೆ ವ್ಯಾಪಾರ ನಡೆಯುತ್ತದೆ ಎಂಬುದು ಅವರ ಮುಖ್ಯ ಆಕ್ಷೇಪ. ಮಧ್ಯಮ ವರ್ಗದ ನಾವು ಆ ಸುದ್ದಿಯನ್ನು ಓದಿ, ಪತ್ರಿಕೆಯನ್ನು ಮಡಚಿಟ್ಟು, ಸದಸ್ಯತ್ವದ ಕಾರ್ಡು ಇರುವ ಪರಿಚಯಸ್ಥರು ಯಾರಿದ್ದಾರೆಂದು ಯೋಚಿಸತೊಡಗಿದೆವು.

ಇಪ್ಪತ್ತು ವರ್ಷಗಳ ನಂತರ, 2023ರ ಮೇ ತಿಂಗಳಲ್ಲಿ, ಆ ಸಂಸ್ಥೆಯ ಭಾರತದ ವಹಿವಾಟು 31 ಮಳಿಗೆಗಳ ಸಮೇತ ರಿಲಯನ್ಸ್ ರಿಟೇಲ್ ಪಾಲಾಯಿತು. ಒಪ್ಪಂದದ ಮೊತ್ತ 2,850 ಕೋಟಿ ರೂಪಾಯಿ. ವಿದೇಶಿ ಬಂಡವಾಳ ಬೇಕೇ ಬೇಡವೇ ಎಂದು ನಾವು ವರ್ಷಗಟ್ಟಲೆ ನಡೆಸಿದ ವಾದ ಈ ಮಟ್ಟಿಗೆ ಮುಗಿದಂತಾಯಿತು. ಆದರೆ ಆ ವಾದದ ಗದ್ದಲದಲ್ಲಿ ಯಾರೂ ಕೇಳದೆ ಹೋದ ಪ್ರಶ್ನೆಯೊಂದು ಹಾಗೆಯೇ ಉಳಿದಿದೆ. ಮೂಟೆ ಕೊಳ್ಳುವವನಿಗೆ ಕಡಿಮೆ ಬೆಲೆಯಾದರೆ, ಪಾವು ಕೊಳ್ಳುವವರ ಗತಿಯೇನು?

ಸದಸ್ಯರಿಗೆ ಮಾತ್ರ ಪ್ರವೇಶವಿರುವ ಅಂಗಡಿಯ ಕಲ್ಪನೆ ಅಮೆರಿಕದ್ದು. ಸರ್ಕಾರಿ ನೌಕರಿಯಿಂದ ನಿವೃತ್ತನಾದ ನನಗೆ ಅದರ ಮೂಲ ತಿಳಿದಾಗ ಸ್ವಲ್ಪ ನಗು ಬಂತು. ಸೋಲ್ ಪ್ರೈಸ್ ಎಂಬ ವಕೀಲರು 1954ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆರಂಭಿಸಿದ ಫೆಡ್‌ಮಾರ್ಟ್‌ನ ಗಿರಾಕಿಗಳು ಸರ್ಕಾರಿ ನೌಕರರು. ತಿಂಗಳ ಸಂಬಳ ಖಚಿತ, ಚೆಕ್ಕು ಬೌನ್ಸ್ ಆಗುವ ಭಯ ಕಡಿಮೆ. ವ್ಯಾಪಾರಿಗೆ ಇನ್ನೇನು ಬೇಕು? ಅವರೇ 1976ರಲ್ಲಿ ಅದೇ ಊರಿನ ಹಳೆಯ ವಿಮಾನ ಹ್ಯಾಂಗರೊಂದರಲ್ಲಿ ಪ್ರೈಸ್ ಕ್ಲಬ್ ತೆರೆದರು. ಮೊದಲು ಸಣ್ಣ ವರ್ತಕರಿಗಷ್ಟೇ ಸದಸ್ಯತ್ವವಿತ್ತು. ವ್ಯಾಪಾರ ಕುದುರದಿದ್ದಾಗ ಮತ್ತೆ ಸರ್ಕಾರಿ ನೌಕರರಿಗೆ ಬಾಗಿಲು ತೆರೆಯಲಾಯಿತು. 1983ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಕಾಸ್ಟ್‌ಕೊ 1993ರಲ್ಲಿ ಈ ಪ್ರೈಸ್ ಕ್ಲಬ್ಬಿನೊಂದಿಗೆ ವಿಲೀನವಾಯಿತು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬಂದ ನಮ್ಮ ಪೀಳಿಗೆಯವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಶನಿವಾರ ಬೆಳಿಗ್ಗೆ ಮಗ ಕಾರಿನಲ್ಲಿ ಕೂರಿಸಿಕೊಂಡು ಮೊದಲು ಕರೆದೊಯ್ಯುವುದು ದೇವಸ್ಥಾನಕ್ಕೋ ಕಾಸ್ಟ್‌ಕೊಗೋ ಎಂಬುದಷ್ಟೇ ಮನೆಯಿಂದ ಮನೆಗೆ ಬದಲಾಗುವ ಸಂಗತಿ.

ಅದರ ಲೆಕ್ಕಾಚಾರ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಕುತೂಹಲಕರವಾದುದು. ಸಾಮಾನ್ಯ ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ ಬಗೆಯ ಸರಕುಗಳಿದ್ದರೆ ಇಲ್ಲಿ ಸುಮಾರು 4,000 ಮಾತ್ರ. ಖರೀದಿ ಬೆಲೆಯ ಮೇಲೆ ಹಾಕುವ ಲಾಭಕ್ಕೂ ಸಂಸ್ಥೆಯೇ ಶೇ 14–15ರ ಮಿತಿ ಹಾಕಿಕೊಂಡಿದೆ. ಹಾಗಾದರೆ ಹಣ ಬರುವುದೆಲ್ಲಿಂದ? ಸದಸ್ಯತ್ವ ಶುಲ್ಕದಿಂದ. 2024ರ ಸೆಪ್ಟೆಂಬರಿನಿಂದ ಅಮೆರಿಕದಲ್ಲಿ ಈ ವಾರ್ಷಿಕ ಶುಲ್ಕ 65 ಡಾಲರ್; ಸಂಸ್ಥೆಯ ಕಾರ್ಯಾಚರಣೆ ಲಾಭದ ಸರಿಸುಮಾರು ಅರ್ಧಕ್ಕೆ ಸಮನಾದ ಮೊತ್ತ ಈ ಶುಲ್ಕದಿಂದಲೇ ಬರುತ್ತದೆ. ಒಳಗೆ ಬರಲು ಒಂದು ದರ, ಕೊಂಡದ್ದಕ್ಕೆ ಇನ್ನೊಂದು ದರ. ವಾಲ್ಟರ್ ಓಯ್ ಎಂಬ ಅರ್ಥಶಾಸ್ತ್ರಜ್ಞರು 1971ರಲ್ಲಿ ಡಿಸ್ನಿಲ್ಯಾಂಡಿನ ಟಿಕೆಟ್ಟುಗಳನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸಿದ ದ್ವಿಭಾಗ ದರವೆಂದರೆ ಇದೇ. ನಮ್ಮ ವಿದ್ಯುತ್ ಬಿಲ್ಲಿನಲ್ಲಿಯೂ ಇದು ಉಂಟು. ದೀಪವೊಂದನ್ನೇ ಉರಿಸಿದರೂ ನಿಗದಿತ ಶುಲ್ಕ ತಪ್ಪದು; ಆದ್ದರಿಂದ ಕಡಿಮೆ ಬಳಸುವವನಿಗೆ ಯೂನಿಟ್ಟೊಂದಕ್ಕೆ ಬೀಳುವ ಬೆಲೆ ಹೆಚ್ಚು.

ನಮ್ಮಲ್ಲಿ ಬಾಗಿಲಿನ ದರ ಬೇರೆ ರೂಪದ್ದಾಗಿತ್ತು. ವಿದೇಶಿ ಸಂಸ್ಥೆಗಳಿಗೆ 1997ರಿಂದ ಸಗಟು ವ್ಯಾಪಾರದಲ್ಲಿ ಶೇ 100ರಷ್ಟು ಬಂಡವಾಳ ಹೂಡಲು ಅವಕಾಶವಿತ್ತು. ಬಹು ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರಕ್ಕೆ ಶೇ 51ರ ಮಿತಿಯಲ್ಲಿ, ಹಲವು ಷರತ್ತುಗಳೊಂದಿಗೆ, ಬಾಗಿಲು ತೆರೆದದ್ದು 2012ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ವಿದೇಶಿ ಸಗಟು ಮಳಿಗೆಗಳಲ್ಲಿ ಕಾರ್ಡು ಪಡೆಯಲು ಮುಖ್ಯವಾಗಿ ಬೇಕಿದ್ದುದು ದಾಖಲೆ: ಮಾರಾಟ ತೆರಿಗೆ ನೋಂದಣಿ, ವ್ಯಾಪಾರ ಪರವಾನಗಿ, ಇಂಥವು. ಮನೆಯ ಬಳಕೆಗೆ ಕೊಳ್ಳುವವರಿಗೆ ಅಲ್ಲಿ ಜಾಗವಿರಲಿಲ್ಲ.

ಜಾಗ ಮಾಡಿಕೊಳ್ಳುವುದು ನಮಗೆ ಗೊತ್ತಿತ್ತು. ನನ್ನ ತಂಗಿಯ ಮಗ ಸಣ್ಣದೊಂದು ದರ್ಶಿನಿ ನಡೆಸುತ್ತಿದ್ದ. ಅವನ ಹೆಸರಿನ ಕಾರ್ಡಿನಲ್ಲಿ ನಗರದ ಹೊರವಲಯದ ಮಳಿಗೆಯೊಂದಕ್ಕೆ ತಿಂಗಳಿಗೊಮ್ಮೆ ನಾವೂ ಹೋಗುತ್ತಿದ್ದೆವು. ಮೂವತ್ತಕ್ಕೂ ಹೆಚ್ಚು ವರ್ಷ ನಿಯಮಗಳ ಕಡತದ ಮೇಲೆ ಷರಾ ಬರೆದವನು, ಬಾಗಿಲಲ್ಲಿ ನಿಂತವನು ಕಾರ್ಡಿನ ಫೋಟೊ ನೋಡದಿರಲಿ ಎಂದು ಹಾರೈಸುತ್ತ ಒಳನಡೆದಿದ್ದೇನೆ. ಸೂರಿನವರೆಗೆ ಪೇರಿಸಿದ ಕಬ್ಬಿಣದ ಅಟ್ಟಣಿಗೆಗಳು, 15 ಕಿಲೋ ಎಣ್ಣೆ ಡಬ್ಬಗಳು, ಮಂಚದಷ್ಟು ಅಗಲದ ತಳ್ಳುಗಾಡಿ. ಗಾಡಿಯ ಅಗಲ ಅಷ್ಟಿರುವಾಗ ಎರಡು ಸಾಬೂನು ತೆಗೆದುಕೊಂಡು ಹೊರಬರಲು ಮನುಷ್ಯನಿಗೆ ಸಂಕೋಚವಾಗುತ್ತದೆ. ಮನೆಯಲ್ಲಿರುವುದು ಇಬ್ಬರೇ ಆದರೂ ಐದು ಕಿಲೋ ಟೊಮೆಟೊ ಸಾಸು ತಂದಿದ್ದೇವೆ. ಅದರ ಮುಕ್ಕಾಲು ಪಾಲು ಬಚ್ಚಲಿನ ಪಾಲಾಯಿತು. ಅಂಗಡಿಯವನ ಗೋದಾಮನ್ನು ನಮ್ಮ ಅಡುಗೆಮನೆಗೆ ಸಾಗಿಸಿ, ಅದರ ಬಾಡಿಗೆ, ಹುಳುಹುಪ್ಪಟೆ, ನಷ್ಟ ಎಲ್ಲವನ್ನೂ ನಮ್ಮ ಲೆಕ್ಕಕ್ಕೆ ಹಾಕಿಕೊಂಡು, ಉಳಿಸಿದೆವೆಂದು ಬೀಗುತ್ತಿದ್ದೆವು. ಬೆಂಗಳೂರಿನಲ್ಲಿ ಚದರಡಿಗೆ ಏನು ಬೆಲೆ ಎಂಬುದನ್ನು ಆ ಲೆಕ್ಕಕ್ಕೆ ಸೇರಿಸಿದವರನ್ನು ನಾನು ಕಂಡಿಲ್ಲ.

ಆದರೂ ಅಕ್ಕಿ, ಬೇಳೆ, ಎಣ್ಣೆಯಂಥ ಪದಾರ್ಥಗಳಲ್ಲಿ ಉಳಿತಾಯ ನಿಜವಾದದ್ದೇ. ಪ್ರಶ್ನೆಯಿರುವುದು ಅಲ್ಲಿಯೇ. ಆ ಉಳಿತಾಯಕ್ಕೆ ಕಾರ್ಡಿನ ಜತೆಗೆ ಕಾರು, ಕೈಯಲ್ಲಿ ಒಟ್ಟಿಗೆ ಐದಾರು ಸಾವಿರ ರೂಪಾಯಿ, ಮೂಟೆ ಇಡಲು ಜಾಗ ಬೇಕು. ಇವು ಮೂರೂ ಇರುವವನಿಗೆ ಕಿಲೋ ಅಕ್ಕಿ ಅಗ್ಗ. ಒಂದೂ ಇಲ್ಲದವಳು, ದಿನಗೂಲಿ ಕೈಗೆ ಬಂದ ಮೇಲೆ ಕಾಲು ಕಿಲೋ ಬೇಳೆ ಕೊಳ್ಳುವವಳು, ಅದೇ ಬೇಳೆಗೆ ಹೆಚ್ಚು ಕೊಡುತ್ತಾಳೆ. ಡೇವಿಡ್ ಕ್ಯಾಪ್ಲೊವಿಟ್ಜ್ ಎಂಬ ಅಮೆರಿಕದ ಸಮಾಜವಿಜ್ಞಾನಿ ನ್ಯೂಯಾರ್ಕಿನ ಬಡವರನ್ನು ಕುರಿತು 1963ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನ ಅರ್ಥವೇ ‘ಬಡವರು ಹೆಚ್ಚು ತೆರುತ್ತಾರೆ’ ಎಂದು. ಶಾಂಪೂವಿನಂಥ ಕೆಲವು ಸರಕುಗಳಲ್ಲಿ ಬಾಟಲಿಗಿಂತ ಸ್ಯಾಶೆಯೇ ಅಗ್ಗವಾಗಿರುವುದುಂಟು. ಅದು ಕಂಪನಿಗಳ ಪೈಪೋಟಿಯ ಫಲ. ಹೊಟ್ಟೆಗೆ ತಿನ್ನುವ ಪದಾರ್ಥಗಳಲ್ಲಿ ಈ ಔದಾರ್ಯ ಕಾಣದು.

ಇದರ ತಪ್ಪನ್ನು ಬೀದಿಯ ಕೊನೆಯ ದಿನಸಿ ಅಂಗಡಿಯವನ ಮೇಲೆ ಹೊರಿಸುವುದು ಸುಲಭ, ಆದರೆ ನ್ಯಾಯವಲ್ಲ. ಮೂಟೆ ಬಿಚ್ಚಿ ಪಾವು ಅಳೆದು ಕೊಡುವುದೂ ಒಂದು ದುಡಿಮೆ. ಅವನು ಉದ್ರಿ ಕೊಡುತ್ತಾನೆ, ಖಾತೆ ಪುಸ್ತಕದಲ್ಲಿ ಬರೆದುಕೊಂಡು ಹಬ್ಬದವರೆಗೆ ಕಾಯುತ್ತಾನೆ, ಕೆಲವೊಮ್ಮೆ ಆ ಹಣ ಬರುವುದೇ ಇಲ್ಲ. ಸಗಟು ಮಳಿಗೆಯಲ್ಲಿ ಮೊದಲು ಹಣ, ಆಮೇಲೆ ಸರಕು. ಅವನು ತೆಗೆದುಕೊಳ್ಳುವ ಹೆಚ್ಚಿನ ಬೆಲೆಯಲ್ಲಿ ಬಡ್ಡಿ ಎಷ್ಟು, ಕೂಲಿ ಎಷ್ಟು, ಲಾಭ ಎಷ್ಟು ಎಂದು ಬಿಡಿಸಿ ನೋಡಿದರೆ ಆತ ಶ್ರೀಮಂತನಾಗದೆ ಉಳಿದದ್ದೇಕೆ ಎಂಬುದು ತಿಳಿಯುತ್ತದೆ.

ಸರ್ಕಾರದ ನೀತಿಯೂ ಮೂಟೆಯ ಪರವಾಗಿ ವಾಲಿದ ನಿದರ್ಶನವಿದೆ. ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ 2022ರ ಜುಲೈ 18ರಿಂದ ಶೇ 5ರ ಜಿಎಸ್‌ಟಿ ವಿಧಿಸಲಾಯಿತು. 25 ಕಿಲೋ ಮೀರಿದ ಮೂಟೆಗೆ ಮಾತ್ರ ವಿನಾಯಿತಿ. 26 ಕಿಲೋ ಅಕ್ಕಿ ಮೂಟೆಗಳು ಮಾರುಕಟ್ಟೆಗೆ ಬರಲು ತಡವಾಗಲಿಲ್ಲ. ದೊಡ್ಡ ಮೂಟೆಯಿಂದ ಬಿಡಿಯಾಗಿ ಅಳೆದು ಮಾರಿದರೆ ತೆರಿಗೆಯಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಾಗೆ ಅಳೆದು ಕೊಡುವವನು ಮತ್ತೆ ಅದೇ ದಿನಸಿ ಅಂಗಡಿಯವನು. ಐದು ಕಿಲೋ ಚೀಲ ಕೊಂಡವನು ತೆರಿಗೆ ಕೊಟ್ಟ, 26 ಕಿಲೋ ಹೊತ್ತುಕೊಂಡು ಹೋದವನು ಕೊಡಲಿಲ್ಲ. ಇದಕ್ಕೆ ಆಡಳಿತದ ಅನುಕೂಲವೆಂಬ ಸಮರ್ಥನೆ ಇರಬಹುದು. ಅಂಥ ಸಮರ್ಥನೆಗಳನ್ನು ನಾನೂ ಕಡತಗಳಲ್ಲಿ ಬರೆದವನೇ ಆದ್ದರಿಂದ ಅವುಗಳ ತೂಕ ನನಗೆ ಗೊತ್ತು.

ವಿಪರ್ಯಾಸವೆಂದರೆ, ‘ಸದಸ್ಯ’ ಎಂಬ ಪದ ಈ ನಾಡಿಗೆ ವ್ಯಾಪಾರದ ಮೂಲಕ ಬಂದದ್ದು ಸಗಟು ಮಳಿಗೆಗಳಿಂದಲ್ಲ. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಸ್ಥಾಪನೆಯಾದದ್ದು 1905ರಲ್ಲಿ. ಆಗ ಜಾರಿಯಲ್ಲಿದ್ದ 1904ರ ಕಾಯ್ದೆ ಸಾಲದ ಸಂಘಗಳಿಗಷ್ಟೇ ಅನ್ವಯಿಸುತ್ತಿತ್ತು. ಬಳಕೆದಾರರ ಸಂಘಗಳಿಗೂ ದಾರಿಯಾದದ್ದು 1912ರ ಕಾಯ್ದೆಯಿಂದ. ಬಳಕೆದಾರರ ಸಂಘಗಳಿಗೆ ಮಾದರಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ 28 ಮಂದಿ, ಬಹುಪಾಲು ನೇಕಾರರು ಮತ್ತು ಕುಶಲಕರ್ಮಿಗಳು, ಹಣ ಕೂಡಿಸಿ ತೆರೆದ ಅಂಗಡಿ. ಅಲ್ಲಿ ಮಾರಿದ್ದು ಬೆಣ್ಣೆ, ಸಕ್ಕರೆ, ಹಿಟ್ಟು. ಒಬ್ಬ ಸದಸ್ಯನಿಗೆ ಒಂದು ಮತ. ಕೊಂಡಷ್ಟಕ್ಕೆ ತಕ್ಕಂತೆ ಲಾಭಾಂಶ. ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪವೇ ಕೊಳ್ಳುವವರು ಒಟ್ಟುಗೂಡಿ ಮೂಟೆಯ ಬೆಲೆ ಪಡೆಯುವುದು ಅದರ ತಿರುಳು. ಸಗಟು ಮಳಿಗೆಯ ಸದಸ್ಯತ್ವ ಸಣ್ಣ ಗಿರಾಕಿಯನ್ನು ಬಾಗಿಲಲ್ಲೇ ಸೋಸಿ ತೆಗೆಯುತ್ತದೆ. ಸಹಕಾರ ಸಂಘದ ಸದಸ್ಯತ್ವ ಅವನನ್ನು ಹುಡುಕಿ ಒಳಗೆ ಕರೆಯುತ್ತಿತ್ತು.

ಕರೆಯುತ್ತಿತ್ತು ಎಂದೇ ಹೇಳಬೇಕಾಗಿದೆ. 1960ರ ದಶಕದಲ್ಲಿ ಬಳಕೆದಾರರ ಸಹಕಾರ ಭಂಡಾರಗಳಿಗೆ ಸರ್ಕಾರದ ದೊಡ್ಡ ಬೆಂಬಲ ದೊರೆಯಿತು. ಕೇಂದ್ರ ಸರ್ಕಾರಿ ನೌಕರರಿಗಾಗಿ ಕೇಂದ್ರೀಯ ಭಂಡಾರ ಆರಂಭವಾದದ್ದು 1963ರಲ್ಲಿ; ರೂಪಾಯಿ ಅಪಮೌಲ್ಯಗೊಂಡ 1966ರಲ್ಲಿ ದೆಹಲಿಯ ಸೂಪರ್ ಬಜಾರ್. ಬೆಂಗಳೂರಿನ ಹಳಬರಿಗೆ ಕೆಂಪೇಗೌಡ ರಸ್ತೆಯ ಜನತಾ ಬಜಾರ್ ನೆನಪಿದೆ. ಇಂಥ ಭಂಡಾರಗಳಲ್ಲಿ ಅನೇಕವು ಸೊರಗಿದ್ದೇಕೆ ಎಂಬುದು ಗುಟ್ಟೇನಲ್ಲ. ಷೇರು ಬಂಡವಾಳ ಸರ್ಕಾರದ್ದು, ವ್ಯವಸ್ಥಾಪಕ ಎರವಲು ಸೇವೆಯ ಮೇಲೆ ಬಂದ ಅಧಿಕಾರಿ, ಆಡಳಿತ ಮಂಡಳಿ ರಾಜಕೀಯದ ಮೆಟ್ಟಿಲು. ನಮ್ಮಂಥ ಅಧಿಕಾರಿಗಳೇ ನಡೆಸಿದ ಅಂಗಡಿಗಳವು. ಸದಸ್ಯ ಎಂಬವನು ಸಾಮಾನ್ಯ ಸಭೆಯ ನೋಟಿಸಿನಲ್ಲಿ ಉಳಿದ.

2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಏರಿದ್ದು ಓದುಗರಿಗೆ ನೆನಪಿರಬಹುದು. ಆಗ ನಮ್ಮ ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸು ಒಂದು ಬೆಳಿಗ್ಗೆ ಅಳುಕುತ್ತಲೇ, “ಸಾರ್, ಆ ಕಾರ್ಡ್ ಅಂಗಡಿಯಿಂದ ನಮಗೂ ಬೇಳೆ ತಂದ್ಕೊಡ್ತೀರಾ? ಆರು ಮನೆಯೋರು ದುಡ್ಡು ಹಾಕ್ತೀವಿ” ಎಂದು ಕೇಳಿದಳು. ಅಷ್ಟು ವರ್ಷ ನಮ್ಮ ಉಗ್ರಾಣಕ್ಕೆ ಮೂಟೆ ಇಳಿಸಿಕೊಟ್ಟವಳಿಗೆ ಅದರ ಬೆಲೆ ಕೇಳಬೇಕೆನ್ನಿಸಿದ್ದು ಸಹಜ. ಹೇಳಬೇಕೆಂದು ನಮಗೆ ಅನ್ನಿಸದೆ ಇದ್ದದ್ದು ಸಹಜವೇ ಎಂದು ಈಗ ಯೋಚಿಸುತ್ತೇನೆ. ಬೇಳೆ ತಂದೆವು. ಭಾನುವಾರ ನಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ತಕ್ಕಡಿ ಇಟ್ಟುಕೊಂಡು ಆರು ಮನೆಗೆ ಹಂಚಿದರು. ಬಿಲ್ಲು ಕೇಳಿ ಪಡೆದರು, ಓದಿಸಿಕೊಂಡರು. ಮುಂದಿನ ತಿಂಗಳು ಎಣ್ಣೆಯೂ ಪಟ್ಟಿಗೆ ಸೇರಿತು. ಮೂರನೆಯ ತಿಂಗಳು ಒಂದು ಮನೆಯವರಿಗೆ ಹಣ ಹೊಂದಲಿಲ್ಲ. ಉಳಿದ ಐವರು ಬಹಳ ಹೊತ್ತು ಚರ್ಚಿಸಿ, ಆ ಪಾಲನ್ನು ತಾವೇ ಹೊತ್ತು, ನೋಟುಪುಸ್ತಕದಲ್ಲಿ ಬರೆದಿಟ್ಟರು. ಆ ಹಣ ವಸೂಲಾಯಿತು, ಎರಡು ಕಂತಿನಲ್ಲಿ.

ಇದಕ್ಕೆ ಕಾನೂನಿನ ಅಡ್ಡಿ ಇದೆಯೇ ಎಂದು ಆಮೇಲೆ ನೋಡಿದೆ. ಸಗಟು ವ್ಯಾಪಾರದ ವಿದೇಶಿ ಹೂಡಿಕೆ ನಿಯಮಗಳಲ್ಲಿ ಅರ್ಹ ಖರೀದಿದಾರರ ಪಟ್ಟಿಯಿದೆ. ತೆರಿಗೆ ನೋಂದಣಿ ಉಳ್ಳವರ ಜತೆಗೆ, ಪರವಾನಗಿ ಪಡೆದ ಬೀದಿ ವ್ಯಾಪಾರಿಗಳೂ, ತಮ್ಮ ಸ್ವಂತ ಬಳಕೆಗೆ ಕೊಳ್ಳುವ ನೋಂದಾಯಿತ ಸಂಘಗಳೂ ಅದರಲ್ಲಿವೆ. ಎಂದರೆ, ತಂಗಿಯ ಮಗನ ಕಾರ್ಡು ಹಿಡಿದುಹೋದ ನನಗಿಂತ ಬಲವಾದ ಹಕ್ಕು ನೋಂದಾಯಿತ ಸಂಘವೊಂದಕ್ಕೆ ದಕ್ಕಬಹುದಿತ್ತು. ಸ್ತ್ರೀಶಕ್ತಿ ಯೋಜನೆಯ ಕಾಲದಿಂದ ಈ ರಾಜ್ಯದಲ್ಲಿ ಮಹಿಳೆಯರ ಸ್ವಸಹಾಯ ಗುಂಪುಗಳು ಉಳಿತಾಯ, ಸಾಲ, ಮರುಪಾವತಿಗಳ ಲೆಕ್ಕ ಇಡುತ್ತ ಬಂದಿವೆ. ಅವರ ಒಕ್ಕೂಟಗಳಿಗೆ ಒಟ್ಟು ಖರೀದಿಯ ಅವಕಾಶ, ವಾರ್ಡಿಗೊಂದು ಸಣ್ಣ ಕೋಣೆ, ಮುದ್ರೆ ಬಿದ್ದ ಒಂದು ತಕ್ಕಡಿ ಒದಗಿಸುವುದಕ್ಕೆ ಮಹಾನಗರ ಪಾಲಿಕೆಗಳ ಬಜೆಟ್ಟಿನಲ್ಲಿ ದೊಡ್ಡ ಮೊತ್ತವೇನೂ ಬೇಡ. ವ್ಯವಸ್ಥಾಪಕನಾಗಿ ಅಧಿಕಾರಿಯನ್ನು ಕಳುಹಿಸದಿದ್ದರೆ ಇನ್ನೂ ಒಳ್ಳೆಯದು. ದಿನಸಿ ಅಂಗಡಿಯವನಿಗೆ ಇದರಿಂದ ಪೆಟ್ಟು ಬೀಳದೇ ಎಂಬ ಪ್ರಶ್ನೆ ಉಳಿಯುತ್ತದೆ. ಸ್ವಲ್ಪ ಬೀಳುತ್ತದೆ. ತಿಂಗಳ ಕೊನೆಯ ವಾರದ ಕಾಲು ಕಿಲೋಗೆ, ರಾತ್ರಿ ಒಂಬತ್ತರ ಬೆಂಕಿಪೊಟ್ಟಣಕ್ಕೆ ಅವನೇ ಬೇಕು. ಆ ಆರು ಮನೆಯವರೂ ಅವನ ಖಾತೆಯನ್ನು ಮುಚ್ಚಲಿಲ್ಲ.

ನಾಲ್ಕನೆಯ ತಿಂಗಳು ಪಟ್ಟಿಯ ಜತೆ ಅವಳು ಇನ್ನೊಂದು ಮಾತು ತಂದಿದ್ದಳು. “ಆ ಕಾರ್ಡಲ್ಲಿ ಯಾರ ಹೆಸರೈತೆ ಸಾರ್? ನಮ್ಮ ಹೆಸರಲ್ಲೇ ಒಂದು ಮಾಡಿಸ್ಕೊಳ್ಳೋಕೆ ಏನೇನು ಕಾಗದ ಬೇಕು, ಬರ್ಕೊಡಿ.” ಬರೆದುಕೊಡಲು ಕುಳಿತೆ. ಸಂಘದ ನೋಂದಣಿ ಪ್ರಮಾಣಪತ್ರ, ಕಚೇರಿ ವಿಳಾಸದ ದಾಖಲೆ, ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ, ಪದಾಧಿಕಾರಿಗಳ ಗುರುತಿನ ಚೀಟಿ, ನಡಾವಳಿ ಪುಸ್ತಕ. ಕಚೇರಿ ವಿಳಾಸದ ಮುಂದೆ ಏನು ಬರೆಯುವುದೆಂದು ಕೇಳಿದಳು. ಅವರ ಆರು ಮನೆಗಳಲ್ಲಿ ಒಂದಕ್ಕೂ ಬಾಡಿಗೆ ಕರಾರು ಪತ್ರ ಇರಲಿಲ್ಲ.