ಚಾಳಿ ಯಾರದು?

ಕಳೆದ ತಿಂಗಳು ಮೊಮ್ಮಗನನ್ನು ಕರೆದುಕೊಂಡು ಬೆಂಗಳೂರಿನ ಹೊರವಲಯದ ಒಂದು ಸವಾರಿ ಶಾಲೆಗೆ ಹೋಗಿದ್ದೆ. ಲಾಯದಲ್ಲಿ ಒಂದು ಕಂದು ಕುದುರೆ ಅರ್ಧಬಾಗಿಲಿನ ಮೇಲೆ ಕತ್ತು ಚಾಚಿ, ಗಡಿಯಾರದ ಲೋಲಕದಂತೆ ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಪಕ್ಕದ ಕೋಣೆಯದು ಬಾಗಿಲಂಚನ್ನು ಮುಂಬಲ್ಲಿನಿಂದ ಕಚ್ಚಿ ಹಿಡಿದು ಗಾಳಿ ಎಳೆಯುತ್ತಿತ್ತು. ಅದರ ಗಂಟಲಿಗೆ ಬಿಗಿಯಾದ ಚರ್ಮದ ಪಟ್ಟಿ.

"ತಾತ, ಕುದುರೆ ಡ್ಯಾನ್ಸ್ ಮಾಡ್ತಿದೆ!" ಎಂದು ಹುಡುಗ ಚಪ್ಪಾಳೆ ತಟ್ಟಿದ.

"ಕೆಟ್ಟ ಚಾಳಿ ಸಾರ್. ಒಂದನ್ನು ನೋಡಿ ಇನ್ನೊಂದು ಕಲಿಯುತ್ತೆ" ಎಂದರು ಅಲ್ಲಿನ ವ್ಯವಸ್ಥಾಪಕರು.

ಹುಡುಗನ ಮಾತನ್ನು ಕ್ಷಮಿಸಬಹುದು. ವ್ಯವಸ್ಥಾಪಕರ ಮಾತಿಗೆ ನನ್ನ ತಕರಾರಿದೆ. ಒಂದೇ ಲಾಯದಲ್ಲಿ ಒಂದೇ ಕಷ್ಟ ಪಡುವ ಎರಡು ಕುದುರೆಗಳಿಗೆ ಒಂದೇ ಬಗೆಯ ಬೇನೆ ಬಂದರೆ ಅದನ್ನು ಕಲಿಕೆ ಎನ್ನಬೇಕೆ?

ಬಯಲಿನಲ್ಲಿ ಬಿಟ್ಟ ಕುದುರೆ ದಿನಕ್ಕೆ ಸುಮಾರು 16 ಗಂಟೆ ಮೇಯುತ್ತದೆ. ಮೇಯುತ್ತ ನಡೆಯುತ್ತದೆ, ಜೊತೆಯವರ ಮೈಗೆ ಮೈ ತಾಗಿಸಿ ನಿಲ್ಲುತ್ತದೆ. ಅದರ ಜಠರ ಚಿಕ್ಕದು. ಆಮ್ಲ ಮಾತ್ರ ಹಗಲಿರುಳೂ ಒಸರುತ್ತಲೇ ಇರುತ್ತದೆ. ಹುಲ್ಲು ಅಗಿಯುವಾಗ ಬರುವ ಜೊಲ್ಲೇ ಅದಕ್ಕೆ ಮದ್ದು. ನಾವೋ, ಎರಡು ಹೊತ್ತು ಹುರುಳಿ, ಓಟ್ಸ್ ಸುರಿದು, ಉಳಿದ ದಿನವೆಲ್ಲ ನಾಲ್ಕು ಗೋಡೆಯೊಳಗೆ ಕೂಡುತ್ತೇವೆ. ತರಬೇತಿಯಲ್ಲಿರುವ ಪಂದ್ಯದ ಕುದುರೆಗಳಲ್ಲಿ ಹೆಚ್ಚಿನವುಗಳ ಜಠರದಲ್ಲಿ ಹುಣ್ಣಿರುವುದನ್ನು ಪಶುವೈದ್ಯರು ಕೊಳವೆ ಇಳಿಸಿ ಕಣ್ಣಾರೆ ಕಂಡಿದ್ದಾರೆ. ಹುಲ್ಲು ಕಡಿಮೆಯಾಗಿ ಧಾನ್ಯ ಹೆಚ್ಚಾದಲ್ಲಿ ಮರ ಕಚ್ಚುವುದೂ ಹೆಚ್ಚು. ಪಟ್ಟಿ ಬಿಗಿದರೆ ಗಾಳಿ ಎಳೆಯುವುದು ನಿಂತೀತು. ಹೊಟ್ಟೆಯ ಉರಿ ನಿಂತೀತೆ?

ಕುದುರೆ ಮೂಕಪ್ರಾಣಿ ಎನ್ನುತ್ತೇವೆ. ಅದು ಮೂಕವಲ್ಲ, ನಾವು ಕುರುಡರು. ಕಿವಿಯನ್ನು ಹಿಂದಕ್ಕೆ ಮಡಿಸಿ ತಲೆಗೆ ಅಂಟಿಸಿದರೆ ಸಿಟ್ಟು. ಹಿಂಗಾಲೊಂದನ್ನು ಸಡಿಲಬಿಟ್ಟು ಕೆಳತುಟಿ ಜೋತರೆ ನೆಮ್ಮದಿ. ಹೊಳ್ಳೆ ಬಿಗಿದು, ಕಣ್ಣಿನ ಮೇಲಿನ ಸ್ನಾಯು ಗಂಟುಕಟ್ಟಿದರೆ ನೋವು. ಜೀನು ಬಿಗಿಯುವಾಗ ಕಚ್ಚಲು ಬಂದರೆ ಹೊಟ್ಟೆ ನೋಯುತ್ತಿರಬಹುದು. ನಾವು 'ಪುಂಡ' ಎಂದು ಒಂದೇಟು ಕೊಡುತ್ತೇವೆ.

ಅದು ನಮ್ಮನ್ನು ಓದುವ ಪರಿಯೇ ಬೇರೆ. ಬರ್ಲಿನ್ನಿನ ಹ್ಯಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತದೆಂದು 1904ರಲ್ಲಿ ಜಗತ್ತೇ ಬೆರಗಾಯಿತು. ಓಸ್ಕರ್ ಫುಂಗ್ಸ್ಟ್ ಎಂಬಾತ ಪರೀಕ್ಷಿಸಿ 1907ರಲ್ಲಿ ಗುಟ್ಟು ಬಯಲು ಮಾಡಿದ: ಸರಿಯುತ್ತರ ಬಂದೊಡನೆ ಪ್ರಶ್ನೆ ಕೇಳಿದವನ ತಲೆ ತಿಳಿಯದಂತೆ ತುಸು ಮೇಲೇಳುತ್ತಿತ್ತು, ಹ್ಯಾನ್ಸ್ ಅದನ್ನು ಕಂಡು ಬಡಿತ ನಿಲ್ಲಿಸುತ್ತಿತ್ತು. ಕೂದಲೆಳೆಯಷ್ಟು ಚಲನೆ ಕುದುರೆಗೆ ಕಂಡಿತು. ದಿನವಿಡೀ ತೂಗುವ ಕತ್ತು ನಮಗೆ ಕಾಣದು!

ನಗರದಲ್ಲಿ ಜಾಗವೆಲ್ಲಿ ಎಂದು ಕೇಳುವವರುಂಟು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರವನ್ನು ಅವರು ತೆರೆದು ನೋಡಲಿ. ದಯೆಗೆ ಹೆಸರಾಗದ ಕೌಟಿಲ್ಯನೂ ಲಾಯದಲ್ಲಿ ಕುದುರೆ ಹೊರಳಾಡಲು ಜಾಗವಿರಬೇಕೆಂದ. ಜಾಗವಿಲ್ಲದಿದ್ದರೆ ಕುದುರೆ ಏಕೆ? ಕೈಲಾದದ್ದು ಬೇಕಾದಷ್ಟಿದೆ: ದಿನವಿಡೀ ಒಣಹುಲ್ಲು, ಪಕ್ಕದ ಕುದುರೆ ಕಾಣುವಂತೆ ಗೋಡೆಗೊಂದು ಕಿಂಡಿ, ದಿನಕ್ಕೆ ಕೆಲವು ಗಂಟೆ ಹಗ್ಗವಿಲ್ಲದ ಬಯಲು. ನೆರೆಯ ಕುದುರೆ ಕಂಡರೆ ತೂಗಾಟ ತಗ್ಗುವುದು ಪರೀಕ್ಷೆಯಿಂದ ತಿಳಿದಿರುವ ಸಂಗತಿ.

ಮಕ್ಕಳನ್ನು ಸವಾರಿಗೆ ಸೇರಿಸುವ ತಂದೆತಾಯಿಗಳು ಫೀಸು ಕಟ್ಟುವ ಮುನ್ನ ಒಂದು ಪ್ರಶ್ನೆ ಕೇಳಲಿ: "ಈ ಕುದುರೆ ದಿನಕ್ಕೆ ಎಷ್ಟು ಹೊತ್ತು ಹೊರಗಿರುತ್ತದೆ?" ಉತ್ತರ ತೊದಲಿದರೆ ಮಗುವಿನ ಕೈ ಹಿಡಿದು ಮನೆಗೆ ಬರಲಿ.

ನಾನು ಬಂದೆ. ಮೊಮ್ಮಗ ದಾರಿಯುದ್ದಕ್ಕೂ ಅತ್ತ.